ಹುಲಿಗಿಯ ಪ್ರಕಟಣೆಗಳು

ಮಾರ್ಚ್ ೯, ಭಾನುವಾರ

ಇವತ್ತು ಚಿಕ್ಕಜಾಜೂರಿನಲ್ಲಿ ನನ್ನ ಹೆಂಡತಿ ಪ್ರೀತಿಯ ಅಣ್ಣ ನಾಗಣ್ಣನ ಹೊಸ ಮನೆಯ ಗೃಹಪ್ರವೇಶ. ಅವನ ಜೊತೆ ಕೆಲಸ ಮಾಡುವ ರೈಲ್ವೆಯವರು, ನೆಂಟರು, ಬೀದಿಯವರು ಎಲ್ಲ ಸೇರಿ ಮನೆ ತುಂಬಿ ಪೆಂಡಾಲಿಗೂ ಚೆಲ್ಲಿದ್ದರು. ಮೊದಲ ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದಾರೆ, ಆಗ ನನ್ನ ಮಗಳು ಹುಲಿಗಿ ಎಲೆಗಳ ಸಾಲಿನ ನಡುವೆ ನಿಂತು ಗಂಟಲು ಸರಿಮಾಡಿಕೊಂಡಳು.

"ದುಃಖದ ಸಮಾಚಾರ. ಮೃತರ ಅಂತ್ಯಕ್ರಿಯೆಯು ಇಂದು ಸಂಜೆ ನಾಲ್ಕು ಗಂಟೆಗೆ ಅವರ ತೋಟದಲ್ಲಿ ನೆರವೇರಲಿದೆ. ಬಂಧುಮಿತ್ರರು ಆಗಮಿಸಬೇಕಾಗಿ ವಿನಂತಿ."

ಒಂದಕ್ಷರ ತಪ್ಪಲಿಲ್ಲ. ನನ್ನದೇ ದನಿ, ನನ್ನದೇ ಎಳೆತ, ಕೊನೆಯಲ್ಲಿ ಮೈಕು ಆರಿಸುವ ಟಕ್ ಶಬ್ದ ಕೂಡ ನಾಲಿಗೆಯಲ್ಲೇ ಮಾಡಿದಳು. ನಾಗಣ್ಣನ ಅತ್ತೆ ತುತ್ತನ್ನು ಕೈಯಲ್ಲೇ ಹಿಡಿದು, "ಅಯ್ಯೋ ಶಿವನೇ, ಯಾರ್ ಹೋದ್ರೇ?" ಅಂತ ಅತ್ತೇಬಿಟ್ಟರು. ಪ್ರೀತಿ ಮಗಳನ್ನು ಎತ್ತಿಕೊಂಡು ಹೊರಗೆ ಓಡಿದಳು. ಹುಲಿಗಿ ಅವಳ ಹೆಗಲ ಮೇಲಿಂದ ಮತ್ತೊಮ್ಮೆ ಪೂರ್ತಿ ಪ್ರಕಟಣೆ ಮಾಡಿದಳು.

ತಪ್ಪು ಯಾರದ್ದು ಅಂದರೆ ನನ್ನ ಕಸುಬಿನದ್ದು. ನನ್ನದು ಪ್ರಚಾರದ ಆಟೋ. ಹಿರಿಯೂರಿನಲ್ಲಿ ಯಾರು ಸತ್ತರೂ, ಯಾವ ಅಂಗಡಿ ತೆರೆದರೂ, ಕರೆಂಟು ಹೋಗುವುದಿದ್ದರೂ ಜನಕ್ಕೆ ತಿಳಿಸುವುದು ಈ ಹನುಮೇಶನ ಗಂಟಲು. ರೆಕಾರ್ಡಿಂಗ್ ಮಾಡುವುದು ಮನೆಯಲ್ಲಿ. ಹುಲಿಗೆಮ್ಮ ಅಂತ ಹೆಸರಿಟ್ಟು ಹುಲಿಗಿ ಅಂತ ಕರೆಯುವ ನನ್ನ ಮಗಳು ಮೂರು ವರ್ಷದವಳಿದ್ದಾಗ ಚಿತ್ರದುರ್ಗದ ಡಾಕ್ಟರು ಆಟಿಸಂ ಅಂದರು. ಈಗ ಆರು. ಆಡುವುದೆಲ್ಲ ನನ್ನ ಪ್ರಕಟಣೆಗಳನ್ನೇ. ನೀರು ಬೇಕು ಅಂದವಳಲ್ಲ, ಅನ್ನ ಬೇಕು ಅಂದವಳಲ್ಲ. ಊರಿಗೆಲ್ಲ ಕೇಳುವ ನನ್ನ ದನಿಯಲ್ಲಿ ಊರಿಗೆಲ್ಲ ಬೇಕಾದ್ದು ಹೇಳುತ್ತಾಳೆ, ಒಂದು ಸಲ ಅಪ್ಪ ಅನ್ನುವುದಿಲ್ಲ. ಅದೊಂದು ಕೇಳಿದರೆ ಸಾಕು ನನಗೆ.

ಬಸ್ಸಿನಲ್ಲಿ ಪ್ರೀತಿ ಒಂದೇ ಮಾತು ಹೇಳಿದಳು: "ಇನ್ಮ್ಯಾಲೆ ಮನ್ಯಾಗೆ ಮೈಕು ಹಚ್ಚಂಗಿಲ್ಲ."

ಮಾರ್ಚ್ ೧೧, ಮಂಗಳವಾರ

ಕೆರೆ ಏರಿಯ ಪಕ್ಕ ಆಟೋ ನಿಲ್ಲಿಸಿಕೊಂಡು ಸಿಮೆಂಟ್ ಅಂಗಡಿಯ ಜಾಹೀರಾತು ರೆಕಾರ್ಡ್ ಮಾಡಿದೆ. ಗಾಳಿಯ ಸದ್ದೇ ಜಾಸ್ತಿ ಬಂತು. ಅಂಗಡಿಯವನು, "ಏನಪ್ಪ ಹನುಮೇಶ, ಸಮುದ್ರದಾಗೆ ಕುಂತು ಮಾತಾಡ್ದಂಗೈತೆ" ಅಂದ.

ಮನೆಯಲ್ಲಿ ಹುಲಿಗಿ ಬಾಯಿ ಬಿಟ್ಟಿಲ್ಲ. ಮೈಕಿನ ಡಬ್ಬ ಇದ್ದ ಮೂಲೆಯನ್ನೇ ನೋಡುತ್ತಾ ಕೂತಿದ್ದಳು. ಮನೆ ತಣ್ಣಗಿದೆ, ಆದರೆ ಈ ತಣ್ಣಗಿರುವುದು ನಮ್ಮಿಬ್ಬರಿಗೂ ಹಿಡಿಸಲಿಲ್ಲ.

ಮಾರ್ಚ್ ೧೭, ಸೋಮವಾರ

ನಮ್ಮ ಬೀದಿಯ ಶಾಲೆಗೆ ಹೋಗಿದ್ದೆ. ದೊಡ್ಡ ಟೀಚರ್ ವೀರಮ್ಮನವರು ಒಳ್ಳೆಯವರು, ಬೆಲ್ಲ ಹಚ್ಚಿ ಮಾತಾಡುವುದಿಲ್ಲ.

"ಸೇರಿಸ್ಕಳಲ್ಲ ಅನ್ನಂಗೇ ಇಲ್ಲ ನಾನು, ಕಾನೂನೈತೆ. ಆದ್ರೆ ಸೇರಿಸ್ಕಂಡು ಮೂಲ್ಯಾಗೆ ಕುಂದ್ರಿಸೋದು ನನಗೂ ಬ್ಯಾಡ, ನಿಮಗೂ ಬ್ಯಾಡ. ಎರಡು ಕ್ಲಾಸು ಒಟ್ಟಿಗೆ ನೋಡ್ತೀನಿ. ನೀರು, ಹಸಿವು, ಒಂದಕ್ಕೆ, ನೋವು, ಇಷ್ಟು ಯಾರಿಗಾದ್ರೂ ತಿಳಿಯಂಗೆ ಹೇಳಿದ್ರೆ ಸಾಕು. ಜೂನ್‌ನಾಗೆ ಕರ್ಕಂಡ್ ಬರ್ರಿ."

ಆಗದಿದ್ದರೆ ಏನು ಅನ್ನುವುದನ್ನು ನಾಗಣ್ಣ ಆಗಲೇ ಯೋಚಿಸಿದ್ದಾನೆ. ಬಳ್ಳಾರಿಯ ಕಡೆ ಇಂಥ ಮಕ್ಕಳ ಹಾಸ್ಟೆಲ್ ಶಾಲೆಯೊಂದಿದೆಯಂತೆ, ಅಲ್ಲಿ ಒಂದು ಸೀಟು ಹೇಳಿಟ್ಟಿದ್ದಾನೆ. ಒಳ್ಳೆಯ ಶಾಲೆಯೇ ಇರಬಹುದು. ಆದರೆ ಅಲ್ಲಿ ಅವಳ ಪ್ರಕಟಣೆಗಳು ಯಾರಿಗೆ ಗೊತ್ತಾಗಬೇಕು? ಪ್ರೀತಿ ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದೂ ಇಲ್ಲ. ನನಗೆ ಮಗಳು ನನ್ನ ಮನೆಯಲ್ಲೇ ಬೇಕು. ಅಷ್ಟೇ.

ಮಾರ್ಚ್ ೧೯, ಬುಧವಾರ

ಆತ್ಮೀಯ ಬಂಧುಗಳೇ, ಹನುಮೇಶನ ತಲೆ ಕೊನೆಗೂ ಓಡಿದೆ!

ಹುಲಿಗಿ ಕಲಿಯುವುದು ನನ್ನ ರೆಕಾರ್ಡುಗಳನ್ನು ತಾನೇ? ಹಾಗಿದ್ದರೆ ಅವಳಿಗೆ ಬೇಕಾದ್ದನ್ನೇ ರೆಕಾರ್ಡ್ ಮಾಡಿದರಾಯಿತು. ಕೆರೆ ಏರಿಯ ಮೇಲೆ ಕೂತು, ಹಿನ್ನೆಲೆಯಲ್ಲಿ ಶಹನಾಯಿ ಹಾಕಿ, ಒಳ್ಳೆ ಗತ್ತಿನಲ್ಲಿ ಹೇಳಿದೆ: "ನನಗೆ ನೀರು ಬೇಕು. ನನಗೆ ಹಸಿವಾಗಿದೆ. ನನಗೆ ನೋವಾಗುತ್ತಿದೆ."

ನಾಳೆಯಿಂದ ಯಲ್ಲದಕೆರೆ ಕಡೆಯ ಹಳ್ಳಿಗಳಿಗೆ ಶೇಂಗಾ ಬೀಜದ ಪ್ರಚಾರ. ಹುಲಿಗಿಯನ್ನೂ ಕೂರಿಸಿಕೊಂಡು ಹೋಗುವುದು, ಊರು ಊರಿನ ನಡುವೆ ಇದನ್ನೇ ಹಾಕುವುದು. ಮನೆಯಲ್ಲಿ ತಾನೇ ಮೈಕು ಬೇಡ ಅಂದದ್ದು ಪ್ರೀತಿ?

ಮಾರ್ಚ್ ೨೪, ಸೋಮವಾರ

ಹೇಳಿದಳು!

ಬೆಳಿಗ್ಗೆ ಹೊಸಿಲ ಮೇಲೆ ನಿಂತು, ಗಾಜಿನಷ್ಟು ಸ್ವಚ್ಛವಾಗಿ, "ನನಗೆ ನೀರು ಬೇಕು." ಮಧ್ಯಾಹ್ನ ಮತ್ತೆ. ಪ್ರೀತಿ ಹಿಟ್ಟಿನ ಕೈಯಲ್ಲೇ ಬಂದು ಮಗಳ ಮುಖ ಹಿಡಿದುಕೊಂಡಳು. ನಾನು ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು ಪಕ್ಕದ ಮನೆ ಕಲ್ಲೇಶನಿಗೂ ಹಂಚಿದೆ. ಕೊಟ್ಟ ನೀರನ್ನು ಅವಳು ಕುಡಿಯಲಿಲ್ಲ ಅನ್ನುವುದು ನಿಜ. ಬಾಯಾರಿಕೆ ಹೋಗಿರಬೇಕು.

ಮಾರ್ಚ್ ೨೬, ಬುಧವಾರ

ಶಾಲೆಗೆ ಕರೆದುಕೊಂಡು ಹೋದೆ. ವೀರಮ್ಮ ಟೀಚರ ಮುಂದೆಯೂ ಹೇಳಿದಳು. ಟೀಚರು ಖುಷಿಯಾಗಿ ತಮ್ಮ ಸ್ವಂತ ಲೋಟದಲ್ಲಿ ನೀರು ತಂದರು. ಹುಲಿಗಿ ಲೋಟ ತಳ್ಳಿದಳು. ನೀರೆಲ್ಲ ಟೀಚರ ಸೀರೆಯ ಮೇಲೆ. ಮತ್ತೆ "ನನಗೆ ನೀರು ಬೇಕು" ಅಂತ ಕಿರುಚುತ್ತಾ ಹೊರಗೋಡಿ ಆಟೋ ಹತ್ತಿ ಕೂತಳು.

ಟೀಚರು ಸೆರಗು ಹಿಂಡಿಕೊಂಡರು.

ಏಪ್ರಿಲ್ ೩, ಗುರುವಾರ

ಚಿತ್ರದುರ್ಗಕ್ಕೆ ಹೋಗಿ ಬಂದೆವು. ಅಲ್ಲಿ ಮಕ್ಕಳಿಗೆ ಮಾತು ಕಲಿಸುವ ಆಶಾರಾಣಿ ಮೇಡಂ ತಿಂಗಳಿಗೊಮ್ಮೆ ಹುಲಿಗಿಯನ್ನು ನೋಡುತ್ತಾರೆ. ನೀರಿನ ಕಥೆ ಹೇಳಿದೆ. ಅವರು ನಕ್ಕರು, ಆದರೆ ನನ್ನನ್ನು ನೋಡಿ ನಕ್ಕ ಹಾಗೆ ಇರಲಿಲ್ಲ.

"ಈ ಮಾತು ಅವಳು ಎಲ್ಲಿ ಕೇಳಿದ್ದು?"

"ಆಟೋದಾಗೆ ಮೇಡಂ."

"ಅಲ್ಲಿ ನೀರು ಇತ್ತಾ?"

"ಇಲ್ಲ."

"ಮತ್ತೇನಿತ್ತು?"

ಏನಿತ್ತು? ಗಾಡಿ ಓಡುತ್ತಿತ್ತು. ಗಾಳಿ ಬರುತ್ತಿತ್ತು. ಅವಳು ನನ್ನ ಪಕ್ಕ ಕೂತು ಕಾಲು ಆಡಿಸುತ್ತಿದ್ದಳು. ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. "ನನಗೆ ನೀರು ಬೇಕು" ಅಂದರೆ ಹುಲಿಗಿಯ ಲೆಕ್ಕದಲ್ಲಿ ಆಟೋದಲ್ಲಿ ಸುತ್ತಾಡಿಸು ಅಂತ! ನಾವು ಲೋಟ ಹಿಡಿದರೆ ಸಿಟ್ಟು ಬರದೆ ಇರುತ್ತದೆಯೇ?

"ಎಲ್ಲಾ ಮಕ್ಕಳೂ ಹಿಂಗೇ ಅಂತಲ್ಲ," ಅಂದರು ಮೇಡಂ. "ಆಟಿಸಂ ಇರೋ ಕೆಲವು ಮಕ್ಕಳು ಮಾತನ್ನ ಪದ ಪದವಾಗಿ ಎತ್ಕಳಲ್ಲ, ಇಡೀ ಗಂಟೇ ಎತ್ಕಂತಾರೆ. ಆ ಗಂಟಿನಾಗೆ ಆವತ್ತಿನ ಖುಷಿ, ಭಯ, ಯಾರ ದನಿ, ಎಲ್ಲಾ ಇರುತ್ತೆ. ನಾವು ಪದಕ್ಕೆ ಅರ್ಥ ಹುಡುಕ್ತೀವಿ, ಅವಳು ಆ ಗಳಿಗೆನೇ ಹೇಳ್ತಿರ್ತಾಳೆ. ಈ ಅಭ್ಯಾಸ ಬಿಡಿಸಕ್ಕೆ ಹೋಗ್ಬ್ಯಾಡ್ರಿ. ಮುಂದೆ ಅವಳೇ ಗಂಟು ಬಿಚ್ಚಿ ತುಂಡು ಜೋಡಿಸ್ತಾಳೆ."

ಬರುವಾಗ ಚಂದ್ರವಳ್ಳಿಯಲ್ಲಿ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಹಾಗಿದ್ದರೆ ಆ ಅಂತ್ಯಕ್ರಿಯೆಯ ಗಂಟಿನಲ್ಲಿ ಏನಿತ್ತು ಅಂತ ಯೋಚಿಸುತ್ತಾ ಕೂತೆ. ಹೋದ ವರ್ಷ ಒಬ್ಬ ಯಜಮಾನರು ತೀರಿಕೊಂಡಾಗ ಪ್ರೀತಿಗೆ ಜ್ವರ. ಹುಲಿಗಿಯನ್ನು ಆಟೋದಲ್ಲಿ ಕೂರಿಸಿಕೊಂಡೇ ಊರೆಲ್ಲ ಸಾರಿದ್ದೆ. ಅಳುತ್ತಾಳೆ ಅಂತ ಬೇಕರಿಯಲ್ಲಿ ಕ್ರೀಮ್ ಬನ್ನು ಕೊಡಿಸಿದ್ದೆ. ಅವಳು ತಿಂದ ಮೊದಲ ಕ್ರೀಮ್ ಬನ್ನು ಅದು.

"ಪ್ರೀತಿ, ನಿಮ್ಮಣ್ಣನ ಮನ್ಯಾಗೆ ಆವತ್ತು ಬನ್ನು ಇತ್ತೇನೇ?"

ಪ್ರೀತಿ ತುತ್ತು ಕೆಳಗಿಟ್ಟಳು. "ಕಿಟಕಿ ಮ್ಯಾಲೆ ಬೇಕರಿ ಡಬ್ಬ ಇತ್ತು ಕಣ್ರೀ."

ಒಂದು ಬನ್ನು ಕೇಳಿದ್ದಕ್ಕೆ ಊರವರೆಲ್ಲ ಸೇರಿ ಅತ್ತರಲ್ಲ ಅಂತ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಗುತ್ತಲೇ ಪ್ರೀತಿಯ ಕಣ್ಣಲ್ಲಿ ನೀರು ಬಂತು. ಬೇಕರಿ ಹುಡುಕಿಕೊಂಡು ಹೋಗಿ ಬನ್ನು ಕೊಡಿಸಿದೆವು.

ಏಪ್ರಿಲ್ ೬, ಭಾನುವಾರ

ಮೈಕಿನ ಡಬ್ಬವನ್ನು ಪ್ರೀತಿಯೇ ತಂದು ಮೂಲೆಯಲ್ಲಿ ಇಟ್ಟಳು. ಹುಲಿಗಿ ಅದನ್ನು ಸವರಿ, "ತುರ್ತು ಕಾಮಗಾರಿ ನಿಮಿತ್ತ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದೆ" ಅಂದಳು. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು.

ಈ ಒಗಟು ಬಿಡಿಸಿದವಳು ಪ್ರೀತಿ. ನಾನು ಇದನ್ನು ರೆಕಾರ್ಡ್ ಮಾಡುವಾಗ ಮಿಕ್ಸಿ ಹಾಕಿದ್ದಳಂತೆ, ಹುಲಿಗಿ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳಂತೆ, ನಾನು ಕೂಗಿ ಆರಿಸಿದ್ದೆನಂತೆ. ಅಂದರೆ ಸದ್ದು ನಿಲ್ಲಿಸಿ ಅಂತ ಅರ್ಥ. ಪ್ರೀತಿ ಮಿಕ್ಸಿ ಆರಿಸಿದಳು. ಹುಲಿಗಿ ಕಿವಿಯಿಂದ ಕೈ ತೆಗೆದಳು.

ಎಷ್ಟು ಸಲ ಕೇಳಿದ್ದಳೋ ಪಾಪ, ನಾವು ಕರೆಂಟು ಇದೆಯಲ್ಲ ಅಂತ ಬಲ್ಬು ನೋಡುತ್ತಿದ್ದೆವು.

ಏಪ್ರಿಲ್ ೧೨, ಶನಿವಾರ

ಕೆಲಸದ ಮೇಲೆ ಗಮನವೇ ಇಲ್ಲ. ಆಟೋ ಓಡಿಸುತ್ತಾ ಹಳೆಯ ರೆಕಾರ್ಡುಗಳನ್ನೇ ನೆನೆಸಿಕೊಳ್ಳುತ್ತೇನೆ. ಪೋಲಿಯೋ ಲಸಿಕೆಯದ್ದು ಇವತ್ತು ಗೊತ್ತಾಯಿತು. ಹಿತ್ತಲಿಂದ ಕುಂಟುತ್ತಾ ಬಂದು, "ಐದು ವರ್ಷದೊಳಗಿನ ಮಕ್ಕಳಿಗೆ ತಪ್ಪದೇ ಹಾಕಿಸಿ" ಅಂದಳು. ಅದನ್ನು ಸಾರುವ ದಿನ ಆಟೋದ ಹಲಗೆಗೆ ಅವಳ ಬೆರಳು ಸಿಕ್ಕಿತ್ತು. ಓಡಿಹೋಗಿ ಪಾದ ತಿರುಗಿಸಿ ನೋಡಿದೆ. ಜಾಲಿ ಮುಳ್ಳು.

ಅವಳು ಅಳಲಿಲ್ಲ. ಹೇಳಿಯಾಗಿತ್ತಲ್ಲ, ಇನ್ನು ಅಳುವುದು ಯಾಕೆ.

ಏಪ್ರಿಲ್ ೧೫, ಮಂಗಳವಾರ

ಒಂದು ಮಾತ್ರ ಬಗೆಹರಿದಿರಲಿಲ್ಲ. ದಿನಾ ಬೆಳಿಗ್ಗೆ ನಾನು ಆಟೋ ತೆಗೆಯುವಾಗ ಬಾಗಿಲಲ್ಲಿ ನಿಂತು, "ಸೀರೆಗಳ ಮಹಾ ಮೇಳ, ಇಂದೇ ಕೊನೆಯ ದಿನ" ಅನ್ನುತ್ತಾಳೆ. ಹೊರಡುವ ಖುಷಿಗೆ ಅನ್ನುತ್ತಾಳೆ ಅಂದುಕೊಂಡು ನಾನೂ ಹಾರ್ನ್ ಒತ್ತಿ ಹೋಗುತ್ತಿದ್ದೆ.

ಇವತ್ತು ಪ್ರೀತಿ ಬಟ್ಟೆ ಮಡಚುತ್ತಾ ಹೇಳಿದಳು: "ಆ ಮೇಳದ ಟೈಮ್ನಾಗೆ ಮಳೆ ಹಿಡೀತು ನೆನಪೈತಾ? ನೀವು ಹೊರಡ್ಲೇ ಇಲ್ಲ. ರೆಕಾರ್ಡು ಹಚ್ಕಂಡು ಇಲ್ಲೇ ಬಿದ್ಕಂಡಿದ್ರಿ. ಇವಳು ನಿಮ್ಮ ಹೊಟ್ಟೆ ಮ್ಯಾಲೆ ಮಲಗಿದ್ಲು, ಇಡೀ ದಿನ."

ಅಂದರೆ ಅವಳು ದಿನಾ ಬೆಳಿಗ್ಗೆ ಹೇಳುತ್ತಿದ್ದದ್ದು ಹೋಗಬೇಡ ಅಂತ.

ನನಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ. ಇವತ್ತು ಹೊರಡಲಿಲ್ಲ. ಸಿಮೆಂಟ್ ಅಂಗಡಿಯವನು ಮೂರು ಸಲ ಫೋನ್ ಮಾಡಿದ.

ಏಪ್ರಿಲ್ ೨೮, ಸೋಮವಾರ

ನೀರನ್ನು ನೀರಿನ ಹತ್ತಿರವೇ ಹೇಳಬೇಕು. ಈಗ ಅವಳು ಲೋಟ ಎತ್ತಿದಾಗಲೆಲ್ಲ ನಾನೋ ಪ್ರೀತಿಯೋ ಮೈಕಿನ ದನಿಯಲ್ಲಿ, "ಬಂತು ಬಂತು, ತಣ್ಣನೆ ನೀರು ಬಂತು!" ಅನ್ನುತ್ತೇವೆ. ಬಚ್ಚಲಿಗೆ ಹೋಗುವಾಗ ಬೇರೆ ಪ್ರಕಟಣೆ, ಊಟಕ್ಕೆ ಬೇರೆ. ಪ್ರೀತಿಯ ಗತ್ತು ನನಗಿಂತ ಚೆನ್ನಾಗಿದೆ. ಬೀದಿ ನಲ್ಲಿಯ ಹತ್ತಿರ ಹುಲಿಗಿ ಬೊಗಸೆ ಒಡ್ಡಿದಾಗ ನಾನು ಕೂಗಿದೆ. ಕೊಡ ಹಿಡಿದು ನಿಂತವರೆಲ್ಲ ನಕ್ಕರು. ಕಲ್ಲೇಶ, "ಲೇ ಹನುಮೇಶ, ಮೈಕು ಮನ್ಯಾಗೆ ಮರ್ತು ಬಂದ್ಯೇನೋ" ಅಂದ. ನಗಲಿ ಬಿಡು ಅಂತ ಇನ್ನೊಂದು ಸಲ ಕೂಗಿದೆ.

ಮೇ ೧೪, ಬುಧವಾರ

ಬಿಸಿಲು ಸುಡುತ್ತಿದೆ. ಹುಲಿಗಿ ಲೋಟ ತಂದು ನನ್ನ ಮಡಿಲಲ್ಲಿ ಇಟ್ಟು, "ತಣ್ಣನೆ ನೀರು, ಇಂದೇ" ಅಂದಳು. ಎರಡು ಪ್ರಕಟಣೆ ಕಲಸಿಬಿಟ್ಟಿದ್ದಾಳೆ. ತಮಾಷೆಯಾಗಿದೆ ಅಂತ ಆಶಾರಾಣಿ ಮೇಡಂಗೆ ಮೆಸೇಜ್ ಕಳಿಸಿದೆ. ಅವರು ಆ ಕ್ಷಣವೇ ಫೋನ್ ಮಾಡಿ ಇನ್ನೊಂದು ಸಲ ಹೇಳಿ, ಇನ್ನೊಂದು ಸಲ ಹೇಳಿ ಅಂದರು. ಇದಕ್ಕೆ ಯಾಕೆ ಅಷ್ಟು ಸಂಭ್ರಮವೋ. ನೀರು ಕೊಟ್ಟೆ, ಕುಡಿದಳು.

ಮೇ ೩೧, ಶನಿವಾರ

ವೀರಮ್ಮ ಟೀಚರು ಮನೆಗೇ ಬಂದು ಒಂದು ಗಂಟೆ ಕೂತು ನೋಡಿದರು. "ಕುಂತ್ಕಳ್ರಿ" ಅಂತ ಚಾಪೆ ಹಾಸಿದ್ದೇ ತಡ, ಹುಲಿಗಿ ತಣ್ಣನೆ ನೀರು ಅಂದಳು, ಕುಡಿದಳು.

"ಎರಡು ವಾರ ನೋಡಾಣ," ಅಂದರು ಟೀಚರು. "ಇವಳ ಮಾತು ನಾನಂತೂ ಕಲಿತೀನಿ. ಆದ್ರೆ ಉಳಿದ ಮಕ್ಕಳು ಹೆಂಗೋ ಏನೋ."

ನಾಗಣ್ಣ ಹೇಳಿಟ್ಟ ಹಾಸ್ಟೆಲ್ ಸೀಟು ಜೂನ್ ಹದಿನೈದರವರೆಗೆ ಕಾದಿರುತ್ತದಂತೆ.

ಜೂನ್ ೪, ಬುಧವಾರ

ಹುಲಿಗಿ ಶಾಲೆಗೆ ಹೋಗತೊಡಗಿದ್ದೇ ತಡ, ಅಲ್ಲಿಯ ಮಕ್ಕಳು ಅವಳಿಗೆ ಮೈಕು ಅಂತ ಹೆಸರಿಟ್ಟಿದ್ದಾರೆ. ಕರೆಂಟಿನ ಪ್ರಕಟಣೆ ಮಾಡಿದಳಂತೆ, ಸದ್ದು ನಿಲ್ಲುವ ಬದಲು ಎಲ್ಲ ಸೇರಿ ಅದನ್ನೇ ಕೂಗಿದರಂತೆ. ಸಂಜೆ ಕರೆತರಲು ಹೋದಾಗ ಬಾಗಿಲ ಹತ್ತಿರ ಒಬ್ಬಳೇ ಕಿವಿ ಮುಚ್ಚಿ ಕೂತಿದ್ದಳು. ನನಗೆ ಆ ಮಕ್ಕಳ ಮೇಲೆ ಬಂದ ಸಿಟ್ಟು ಬರೆಯುವಂಥದ್ದಲ್ಲ. ಆರು ವರ್ಷದ ಮಕ್ಕಳ ಮೇಲೆ ಜಗಳಕ್ಕೆ ಹೋಗಲಾಗುತ್ತದೆಯೇ?

ಜೂನ್ ೧೦, ಮಂಗಳವಾರ

ಟೀಚರಿಗೆ ಎಲ್ಲ ತಿಳಿಯುತ್ತದೆ. ನೀರು ಕೊಡುತ್ತಾರೆ, ಹೊರಗೆ ಕಳಿಸುತ್ತಾರೆ. ಆದರೂ ಹುಲಿಗಿ ಕೂರುವುದು ಬಾಗಿಲ ಹತ್ತಿರವೇ. ಮನೆಗೆ ಬಂದ ಮೇಲೂ ಮಾತಿಲ್ಲ.

ಪ್ರೀತಿ ಕೇಳಿದಳು: "ಆ ಹಾಸ್ಟೆಲ್‌ನಾಗಾದ್ರೆ ಇವಳಂಥೋರೇ ಇರ್ತಾರೆ. ಇಲ್ಲಿ ದಿನಾ ಒಬ್ಳೇ ಕುಂದ್ರೋದು ನಾವು ನೋಡ್ಬೇಕಾ?" ಭಾನುವಾರದೊಳಗೆ ನಾಗಣ್ಣನಿಗೆ ಹೇಳುತ್ತೇನೆ ಅಂದೆ.

ಜೂನ್ ೧೩, ಶುಕ್ರವಾರ

ಸಂಜೆ ಆಟೋ ನಿಲ್ಲಿಸಿ ಬಂದಾಗ ಹುಲಿಗಿ ಜಗಲಿಯ ಮೇಲೆ ಕೂತಿದ್ದಳು. ನಾನು ಎದುರಿಗೆ ನಿಂತೆ. ಅವಳು ಪಕ್ಕಕ್ಕೆ ಸರಿದಳು. ಖಾಲಿಯಾದ ಕಡೆ ಅಂಗೈಯಿಂದ ಪಟಪಟ ತಟ್ಟಿ ಹೇಳಿದಳು:

"ಬಾರೇ, ಇಲ್ಲಿ ಕುಂತ್ಕ. ಜಾಗ ಐತೆ."

ನಾನು ನಿಂತಲ್ಲೇ ನಿಂತೆ. ಅದು ನನ್ನ ದನಿಯಲ್ಲ. ಸಣ್ಣ ದನಿ, ಸ್ವಲ್ಪ ಗೊಗ್ಗರು, ಅವಸರದ್ದು, ಕೊನೆಯಲ್ಲಿ ಒಂದು ಸಲ ಮೂಗನ್ನು ಸೊರ್ರೆಂದು ಎಳೆದುಕೊಳ್ಳುವ ಸದ್ದು. ಹುಲಿಗಿಗೆ ನೆಗಡಿಯಿಲ್ಲ. ನನ್ನ ರೆಕಾರ್ಡುಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆ. ಸೀರೆ, ಸಿಮೆಂಟು, ಶೇಂಗಾ, ಸಾವು, ಯಾವುದರಲ್ಲೂ ಇಲ್ಲ. ಪ್ರೀತಿಯನ್ನು ಕರೆದೆ. ಹುಲಿಗಿ ಅವಳಿಗೂ ತಟ್ಟಿ ತೋರಿಸಿದಳು, ಅದೇ ಮಾತು, ಅದೇ ಮೂಗು.

"ನೀನು ಯಾವತ್ತಾದ್ರೂ ಹಿಂಗಂದಿದ್ದೀಯೇನೇ?"

"ಇಲ್ಲ ಕಣ್ರೀ. ಟೀಚರೂ ಹಿಂಗನ್ನಲ್ಲ."

ಹಾಗಿದ್ದರೆ ಯಾರೋ ಅವಳಿಗೆ ಹೇಳಿದ್ದಾರೆ. ಹೇಳುವಾಗ ಸರಿದುಕೊಂಡಿದ್ದಾರೆ, ನೆಲ ತಟ್ಟಿದ್ದಾರೆ, ಇವಳು ಹೋಗಿ ಕೂತಿದ್ದಾಳೆ. ಖುಷಿಯಾಗಿರಬೇಕು, ಇಲ್ಲದಿದ್ದರೆ ಗಂಟು ಕಟ್ಟಿಕೊಂಡು ಮನೆಗೆ ತರುತ್ತಿರಲಿಲ್ಲ.

ಪ್ರೀತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಾಗಣ್ಣನ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಬ್ಯಾಡಣ್ಣ. ಅವ್ಳು ಇಲ್ಲೇ ಇರ್ತಾಳೆ."

ನಾನು ಹುಲಿಗಿ ತೋರಿಸಿದ ಕಡೆಯೇ ಕೂತೆ. ನಾಳೆ ಶನಿವಾರ, ಬೆಳಗಿನ ಶಾಲೆ. ಬೇಗ ಹೋಗಿ ಕಿಟಕಿಯ ಹತ್ತಿರ ನಿಂತುಕೊಂಡು, ಆ ನೆಗಡಿಯ ಹುಡುಗಿ ಯಾರು ಅಂತ ನೋಡಬೇಕು.